ಮನಸ್ಸಿನ ರೋಗವು ಪಾಪವೋ?

ಶರೀರಕ್ಕೆ ರೋಗ ಬಂದರೆ ನಾವು ಅದನ್ನು ರೋಗವೆಂದೇ ಕರೆಯುತ್ತೇವೆ. ಹೊಳಲ್ಕೆರೆಯ ತೋಟದಲ್ಲಿ ಅಡಿಕೆಯ ಮರದಿಂದ ಬಿದ್ದು ಕಾಲು ಮುರಿದುಕೊಂಡವನನ್ನು ನೋಡುವದಕ್ಕೆ ಸಭೆಯವರೆಲ್ಲರೂ ಹೋಗುತ್ತಾರೆ. ಹಣ್ಣು ಹಾಲುಗಳನ್ನು ಕೊಂಡೊಯ್ಯುತ್ತಾರೆ. ಆದಿತ್ಯವಾರದ ಆರಾಧನೆಯಲ್ಲಿ ಅವನ ಹೆಸರೆತ್ತಿ ಪ್ರಾರ್ಥಿಸುತ್ತಾರೆ. ಆದರೆ ಅದೇ ಬೀದಿಯಲ್ಲಿ ಇನ್ನೊಬ್ಬನು ನಿದ್ದೆ ಕೆಟ್ಟು, ಅನ್ನ ಬೇಡವಾಗಿ, ಜನರ ಮುಖ ನೋಡಲಾರದೆ ಮೂಲೆಯಲ್ಲಿ ಕುಳಿತರೆ, ಅಥವಾ ಹತ್ತಿರ ಯಾರೂ ಇಲ್ಲದಿರುವಾಗಲೂ ಮಾತುಗಳು ಕೇಳಿಸುತ್ತವೆಂದು ಹೇಳತೊಡಗಿದರೆ, ಆ ಮನೆಯ ಬಾಗಿಲು ಮುಚ್ಚಲ್ಪಡುತ್ತದೆ. ಮನೆಯವರು ನಾಚುತ್ತಾರೆ, ನೆರೆಯವರು ಪಿಸುಗುಟ್ಟುತ್ತಾರೆ, ಸಭೆಯ ಪ್ರಾರ್ಥನೆಯಲ್ಲಿ ಅವನ ಹೆಸರು ಬರುವದೇ ಇಲ್ಲ. ಈ ಭೇದವು ಎಲ್ಲಿಂದ ಬಂತು, ಇದು ನ್ಯಾಯವೋ ಎಂಬದನ್ನು ನಮ್ಮ ಓದುವವರ ಸಂಗಡ ಈ ತಿಂಗಳು ವಿಚಾರಿಸಬೇಕೆಂದಿದ್ದೇವೆ.

ಇತರರ ತಪ್ಪನ್ನು ತೋರಿಸುವದಕ್ಕೆ ಮುಂಚೆ ನಮ್ಮ ತಪ್ಪನ್ನು ಒಪ್ಪಿಕೊಳ್ಳುವದು ಯುಕ್ತವಾದದ್ದು. ಕೆಲವು ವರ್ಷಗಳ ಹಿಂದೆ ಹೊಸದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಚೊಚ್ಚಲ ಬಾಣಂತಿಯೊಬ್ಬಳು ಮಗುವನ್ನು ಎತ್ತಿಕೊಳ್ಳುವದಿಲ್ಲ, ಯಾರೊಂದಿಗೂ ಮಾತಾಡುವದಿಲ್ಲ ಎಂದು ಕೇಳಿ ನಾವು ಆ ಮನೆಗೆ ಹೋದೆವು. ಸತ್ಯವೇದವನ್ನು ಓದಿ ಪ್ರಾರ್ಥನೆ ಮಾಡಿದ ಮೇಲೆ, ದೇವರು ಮಗುವನ್ನು ಕೊಟ್ಟಿರುವಾಗ ಹೀಗೆ ಮುಖ ಬಾಡಿಸಿಕೊಂಡಿರುವದು ಕೃತಜ್ಞತೆಯಿಲ್ಲದವರ ಲಕ್ಷಣವೆಂದು ಬುದ್ಧಿ ಹೇಳಿ ಹಿಂತಿರುಗಿದೆವು. ಅದೇ ವಾರದಲ್ಲಿ ಒಂದು ಬೆಳಗಿನ ಜಾವ ಆಕೆ ಬಾವಿಯ ಕಟ್ಟೆಯ ಮೇಲೆ ನಿಂತಿದ್ದಾಗ ನೆರೆಮನೆಯ ಹೆಂಗಸು ಕೈಹಿಡಿದು ಕರೆತಂದಳು. ಊರಿನ ಆಶಾ ಕಾರ್ಯಕರ್ತೆಯು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೆರಿಗೆಯ ತರುವಾಯ ಕೆಲವರಿಗೆ ಬರುವ ರೋಗವಿದು, ವಾಸಿಯಾಗತಕ್ಕದ್ದು ಎಂದು ವೈದ್ಯರು ಹೇಳಿ ಔಷಧ ಕೊಟ್ಟರು. ಕೆಲವು ತಿಂಗಳುಗಳಲ್ಲಿ ಆಕೆ ಗುಣಹೊಂದಿದಳು. ಬಹುಕಾಲದ ಮೇಲೆ ಆಕೆಯೇ ನಮಗೆ ಹೇಳಿದ್ದು: "ಅಯ್ಯನವರೇ, ನೀವು ಬಂದ ದಿನಕ್ಕೆ ನಾನು ಸರಿಯಾಗಿ ನಿದ್ದೆ ಮಾಡಿ ಎರಡು ವಾರವಾಗಿತ್ತು. ಅದನ್ನು ನೀವು ಕೇಳಲೇ ಇಲ್ಲ." ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಆದದರಿಂದಲೇ ಅದು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ನಾವು ಯಾಕೆ ಕೇಳಲಿಲ್ಲ? ಮನಸ್ಸಿನ ಸಂಕಟವೆಂದರೆ ಅದು ಪಾಪದ ಫಲವಾಗಿರಬೇಕು, ಇಲ್ಲವೆ ವಿಶ್ವಾಸದ ಕೊರತೆಯಾಗಿರಬೇಕು, ಇಲ್ಲವೆ ದೆವ್ವದ ಕೆಲಸವಾಗಿರಬೇಕು ಎಂದು ಮೊದಲೇ ತೀರ್ಮಾನಿಸಿಕೊಂಡು ಹೋಗಿದ್ದೆವು. ಈ ಮೂರು ಅಭಿಪ್ರಾಯಗಳನ್ನು ಒಂದೊಂದಾಗಿ ಪರೀಕ್ಷಿಸೋಣ.

ಮೊದಲನೆಯದು, ರೋಗವು ಪಾಪಕ್ಕೆ ಶಿಕ್ಷೆಯೆಂಬ ಭಾವನೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಮಾಡಿದವನು ಇವನೋ, ಇವನ ತಂದೆತಾಯಿಗಳೋ ಎಂದು ಕೇಳಿದಾಗ, ಇಬ್ಬರೂ ಅಲ್ಲವೆಂದು ಕರ್ತನು ಉತ್ತರಕೊಟ್ಟದ್ದನ್ನು ಯೋಹಾನನ ಸುವಾರ್ತೆಯ ಒಂಭತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ. ಕಣ್ಣಿನ ವಿಷಯದಲ್ಲಿ ನಾವು ಒಪ್ಪುವ ಈ ಉತ್ತರವನ್ನು ಮಿದುಳಿನ ವಿಷಯದಲ್ಲಿ ಯಾಕೆ ಒಪ್ಪಬಾರದು? ಮಿದುಳೂ ಕಣ್ಣಿನಂತೆ ದೇವರು ಉಂಟುಮಾಡಿದ ಅಂಗವೇ. ವಂಶದಿಂದ ಬಂದ ಗುಣ, ಮಿದುಳಿನೊಳಗಣ ರಸಗಳ ವ್ಯತ್ಯಾಸ, ಬಾಲ್ಯದಲ್ಲಿ ಅನುಭವಿಸಿದ ಕ್ರೂರತನ, ಪ್ರಿಯರ ಮರಣ, ಸಾಲದ ಭಾರ, ಮದ್ಯಪಾನ ಇವುಗಳಲ್ಲಿ ಒಂದೋ ಹಲವೋ ಕೂಡಿ ಈ ರೋಗಗಳನ್ನು ತರುತ್ತವೆ. ಕತ್ತಿನ ಥೈರಾಯ್ಡ್ ಗ್ರಂಥಿಯು ಸರಿಯಾಗಿ ಕೆಲಸ ಮಾಡದಿದ್ದರೂ ಮನಸ್ಸು ಕುಗ್ಗುವದುಂಟು. ಅಂಥವನಿಗೆ ಬೇಕಾದದ್ದು ಗದರಿಕೆಯಲ್ಲ, ರಕ್ತಪರೀಕ್ಷೆ. ನಮ್ಮ ಸೀಮೆಯಲ್ಲಿ ಮಳೆ ತಪ್ಪಿ, ಕೊಳವೆಬಾವಿಗಳು ಬತ್ತಿ, ತೆಂಗು ಅಡಿಕೆಗಳು ನಿಂತಲ್ಲೇ ಒಣಗಿದ ವರ್ಷಗಳನ್ನು ಯಾರು ಮರೆತಾರು? ಆ ವರ್ಷಗಳಲ್ಲಿ ಕುಗ್ಗಿಹೋದ ರೈತನು ಇತರರಿಗಿಂತ ಹೆಚ್ಚು ಪಾಪಿಯಾಗಿದ್ದನೆಂದು ಹೇಳುವ ಧೈರ್ಯ ನಮಗುಂಟೋ? ಯೋಬನ ಮೂವರು ಸ್ನೇಹಿತರು ಏಳು ದಿನ ಅವನ ಸಂಗಡ ನೆಲದ ಮೇಲೆ ಸುಮ್ಮನೆ ಕುಳಿತಿರುವ ತನಕ ಒಳ್ಳೇ ಸ್ನೇಹಿತರಾಗಿದ್ದರು. ಬಾಯಿ ತೆರೆದು ಅವನ ಪಾಪವನ್ನು ಹುಡುಕತೊಡಗಿದ ಮೇಲೆ ದೇವರ ಕೋಪಕ್ಕೆ ಗುರಿಯಾದರು.

ಎರಡನೆಯದು, ಎಲ್ಲವೂ ದೆವ್ವದ ಹಿಡಿತವೆಂಬ ಭಾವನೆ. ಸತ್ಯವೇದದಲ್ಲಿ ದೆವ್ವ ಹಿಡಿದವರ ವೃತ್ತಾಂತಗಳಿರುವದು ನಿಜ. ಆದರೆ ಮತ್ತಾಯನು ತನ್ನ ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ ದೆವ್ವ ಹಿಡಿದವರನ್ನೂ ಮೂರ್ಛಾರೋಗಿಗಳನ್ನೂ ಪಾರ್ಶ್ವವಾಯು ರೋಗಿಗಳನ್ನೂ ಬೇರೆ ಬೇರೆಯಾಗಿ ಹೆಸರಿಸಿದ್ದಾನೆ. ಸುವಾರ್ತಿಕನು ಮಾಡಿದ ಭೇದವನ್ನು ನಾವು ಅಳಿಸಬಹುದೋ? ಮೂರ್ಛೆ ಬಂದವನ ಕೈಯಲ್ಲಿ ಬೀಗದ ಕೈ ಇಟ್ಟು, ಮೂಗಿಗೆ ಚಪ್ಪಲಿ ಹಿಡಿಯುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಂಟು. ಅದರಿಂದ ಯಾವ ಪ್ರಯೋಜನವೂ ಇಲ್ಲ. ನಿತ್ಯ ತೆಗೆದುಕೊಳ್ಳುವ ಮಾತ್ರೆಯಿಂದ ಬಹುಮಂದಿಗೆ ಮೂರ್ಛೆಯು ನಿಂತುಹೋಗುತ್ತದೆ. ಇದಲ್ಲದೆ ಗೆರಸೇನರ ಸೀಮೆಯ ಆ ಮನುಷ್ಯನ ಕಥೆಯನ್ನು ಗಮನವಿಟ್ಟು ಓದಿರಿ. ಅವನಿಗೆ ಬೇಡಿ ಸರಪಣಿಗಳನ್ನು ಹಾಕಿದವರು ಊರಿನ ಜನರು. ಯೇಸುಸ್ವಾಮಿಯು ಅವನನ್ನು ಕಟ್ಟಲಿಲ್ಲ, ಹೊಡೆಯಲಿಲ್ಲ, ಅವನಿಂದ ಹಣ ಕೇಳಲಿಲ್ಲ, ಹೆಸರೇನೆಂದು ಕೇಳಿದನು. ಅವನಿಗೆ ಸ್ವಸ್ಥಬುದ್ಧಿ ಬಂದ ಮೇಲೆ, ನಿನ್ನ ಮನೆಯವರ ಬಳಿಗೆ ಹೋಗೆಂದು ಕಳುಹಿಸಿದನು. ಹೀಗಿರಲಾಗಿ ರೋಗಿಯನ್ನು ಕಟ್ಟಿಹಾಕಿ ಹೊಡೆಯುವವನು ಯಾರ ಹೆಸರನ್ನು ಹೇಳಿಕೊಂಡು ಹೊಡೆದರೂ ಕರ್ತನ ಪಕ್ಷದವನಲ್ಲ, ಊರಿನವರ ಪಕ್ಷದವನೇ.

ಸರಪಣಿಯ ಮಾತು ಹಳೆಯ ಕಾಲದ್ದೆಂದು ಯಾರೂ ಎಣಿಸದಿರಲಿ. 2001ನೆಯ ಇಸವಿ ಆಗಸ್ಟ್ 6ರ ಬೆಳಗಿನ ಜಾವದಲ್ಲಿ ತಮಿಳುನಾಡಿನ ಎರವಾಡಿಯೆಂಬ ಊರಿನಲ್ಲಿ ಮನೋರೋಗಿಗಳನ್ನು ಇಟ್ಟುಕೊಂಡಿದ್ದ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಕಾಲಿಗೆ ಸರಪಣಿ ಇದ್ದದರಿಂದ ಓಡಲಾರದೆ 28 ಮಂದಿ ಸತ್ತರು. ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಿಟ್ಟವರಲ್ಲಿ ಬಹುಮಂದಿ ಅವರ ಸ್ವಂತ ಮನೆಯವರೇ. ದ್ವೇಷದಿಂದಲ್ಲ, ತಿಳಿಯದೆ ಬಿಟ್ಟರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯನ್ನು ಯಾವ ರೀತಿಯಲ್ಲಿಯೂ ಸರಪಣಿಯಿಂದ ಕಟ್ಟಬಾರದೆಂದು ನಿಷೇಧಿಸಿದೆ. ಮನೋರೋಗಿಗಳೆಲ್ಲರೂ ಅಪಾಯಕಾರಿಗಳೆಂಬ ಹೆದರಿಕೆಯೂ ಸರಿಯಲ್ಲ. ಅವರಲ್ಲಿ ಹೆಚ್ಚಿನವರು ಯಾರಿಗೂ ಕೇಡು ಮಾಡುವವರಲ್ಲ; ಇತರರಿಂದ ಪೆಟ್ಟು ತಿನ್ನುವವರೇ ಅವರಲ್ಲಿ ಬಹಳ.

ಮೂರನೆಯದು ನಮ್ಮ ಸಭೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬೇರೂರಿದೆ. ಅದೇನಂದರೆ, ವಿಶ್ವಾಸವುಳ್ಳವನ ಮನಸ್ಸು ಕುಗ್ಗಲಾರದು, ಔಷಧ ತೆಗೆದುಕೊಳ್ಳುವದು ದೇವರನ್ನು ನಂಬದಿರುವದಕ್ಕೆ ಗುರುತು ಎಂಬದು. ಹಾಗಾದರೆ ಎಲೀಯನನ್ನು ಏನೆಂದು ಹೇಳೋಣ? ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿಯನ್ನು ಬೇಡಿ ಪಡೆದ ಆ ಪ್ರವಾದಿಯೇ ಸ್ವಲ್ಪ ಕಾಲದಲ್ಲಿ ಅಡವಿಗೆ ಹೋಗಿ ಒಂದು ಜಾಲಿಯ ಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದನು. ಹಿರಿಯೂರಿನ ಬಯಲಿನಲ್ಲಿ ನಡೆದವರಿಗೆ ಜಾಲಿಯ ನೆರಳು ಎಷ್ಟು ತೆಳ್ಳಗಿನದೆಂದು ಗೊತ್ತು. ಅಲ್ಲಿಗೆ ಬಂದ ದೇವದೂತನು ಏನು ಮಾಡಿದನು? ವಿಶ್ವಾಸವನ್ನು ಕುರಿತು ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆಯಲ್ಲಿ ನೀರನ್ನೂ ಇಟ್ಟು ಎಬ್ಬಿಸಿದನು. ಉಂಡವನು ಪುನಃ ಮಲಗಿದನು. ದೂತನು ಎರಡನೆಯ ಸಾರಿಯೂ ಎಬ್ಬಿಸಿ ಉಣ್ಣಿಸಿದನು. ಹೋರೇಬಿನಲ್ಲಿ ದೇವರು ಅವನೊಡನೆ ಮಾತಾಡಿದ್ದು ಅದಾದ ಮೇಲೆಯೇ. ಮೊದಲು ನಿದ್ದೆ, ರೊಟ್ಟಿ, ನೀರು; ಆಮೇಲೆ ಉಪದೇಶ. ನಾವು ಆ ಬಾಣಂತಿಯ ಮನೆಯಲ್ಲಿ ಈ ಕ್ರಮವನ್ನು ತಿರುಗುಮುರುಗು ಮಾಡಿದ್ದೆವು.

ಔಷಧವಾದರೋ ದೇವರ ಸೃಷ್ಟಿಯಿಂದಲೇ ಬಂದದ್ದು. ಸುವಾರ್ತೆಯನ್ನು ಬರೆದ ಲೂಕನು ವೈದ್ಯನಾಗಿದ್ದನು. ಅಪೊಸ್ತಲನು ಅವನನ್ನು ಪ್ರಿಯನೆಂದು ಕರೆದನೇ ಹೊರತು ಆ ಕೆಲಸವನ್ನು ಬಿಡೆಂದು ಹೇಳಲಿಲ್ಲ. ಮನಸ್ಸಿನ ಮಾತ್ರೆಗಳೆಲ್ಲ ನಿದ್ದೆಯ ಮಾತ್ರೆಗಳೆಂದೂ, ಒಮ್ಮೆ ಹಿಡಿದರೆ ಹೆಂಡದಂತೆ ಬಿಡವೆಂದೂ ಜನರು ಹೇಳುತ್ತಾರೆ. ಖಿನ್ನತೆಗೆ ಕೊಡುವ ಔಷಧಗಳು ಅಂಥ ಚಟವನ್ನು ಹುಟ್ಟಿಸುವವಲ್ಲ. ಆದರೆ ಅವು ಕೆಲಸ ಮಾಡುವದಕ್ಕೆ ಎರಡರಿಂದ ನಾಲ್ಕು ವಾರಗಳಾದರೂ ಬೇಕು. ನಾಲ್ಕು ದಿನ ನುಂಗಿ ಗುಣವಿಲ್ಲವೆಂದು ಎಸೆಯುವದೂ, ಸ್ವಲ್ಪ ಗುಣವಾದ ಕೂಡಲೇ ವೈದ್ಯರನ್ನು ಕೇಳದೆ ನಿಲ್ಲಿಸುವದೂ ತಪ್ಪು. ಕೆಲವು ರೋಗಗಳಿಗೆ ವರ್ಷಗಟ್ಟಲೆ ಔಷಧ ಬೇಕಾಗುತ್ತದೆ. ಸಕ್ಕರೆ ರೋಗದವನಿಗೂ ಹಾಗೆಯೇ ಅಲ್ಲವೋ? ಪ್ರಾರ್ಥನಾಕೂಟದಲ್ಲಿ ಒಬ್ಬನ ಮಾತ್ರೆಗಳನ್ನು ಬಿಡಿಸಿದ ಉಪದೇಶಿಯು ತಾನು ಹೊರಲಾರದ ಹೊಣೆಯನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಾನೆಂದು ತಿಳಿಯಬೇಕು.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. ಎಲ್ಲಾ ದುಃಖವೂ ರೋಗವೇ ಆದರೆ ಪಾಪವೆಲ್ಲಿ, ಪಶ್ಚಾತ್ತಾಪವೆಲ್ಲಿ? ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಪಾಪಕ್ಕಾಗಿ ಪಡುವ ದುಃಖ ಒಂದುಂಟು. ಅದನ್ನು ಮಾತ್ರೆಯಿಂದ ಅಳಿಸತಕ್ಕದ್ದಲ್ಲ. ಆದರೆ ಎರಡನ್ನೂ ಗುರುತಿಸಬಹುದು. ಪಶ್ಚಾತ್ತಾಪಪಡುವವನು ತಾನು ಮಾಡಿದ ಇಂಥ ಕಾರ್ಯಕ್ಕಾಗಿ ದುಃಖಿಸುತ್ತಾನೆ. ಒಪ್ಪಿಕೊಂಡು, ಆದ ನಷ್ಟವನ್ನು ತುಂಬಿಕೊಟ್ಟು, ಕ್ಷಮೆಯ ವಾಕ್ಯವನ್ನು ಕೇಳಿದಾಗ ಅವನಿಗೆ ಸಮಾಧಾನ ಬರುತ್ತದೆ. ರೋಗಿಯಾದವನು ತಾನು ಮಾಡದೆ ಇದ್ದದ್ದಕ್ಕೂ ತನ್ನನ್ನು ದೂಷಿಸಿಕೊಳ್ಳುತ್ತಾನೆ. ಕ್ಷಮೆಯ ವಾಕ್ಯವನ್ನು ನೂರು ಸಾರಿ ಕೇಳಿದರೂ ಅದು ತನಗಲ್ಲವೆನ್ನುತ್ತಾನೆ. ನಿದ್ದೆ, ಹಸಿವು, ಕೆಲಸ, ಸಂತೋಷ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಇಂಥ ಸ್ಥಿತಿಯು ಎರಡು ವಾರ ಬಿಡದೆ ಇದ್ದರೆ ವೈದ್ಯರ ಬಳಿಗೆ ಹೋಗಬೇಕು. ಆಗಲೂ ಸಭಾಪಾಲಕನ ಕೆಲಸವು ಮುಗಿಯುವದಿಲ್ಲ. ಅವನೂ ಸಂಗಡ ಹೋಗಬೇಕು.

ನಮ್ಮಲ್ಲಿ ಒಂದು ಗಾದೆಯುಂಟು: ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ನಗೆಗಾಗಿ ಹೇಳಿದ ಈ ಮಾತಿನ ಎರಡನೆಯ ಅರ್ಧವನ್ನು ಕೆಲವು ತಂದೆತಾಯಿಗಳು ನಿಜವೆಂದು ಹಿಡಿದು, ರೋಗವನ್ನು ಮರೆಮಾಡಿ ಮದುವೆಮಾಡುತ್ತಾರೆ. ಮದುವೆಯು ಔಷಧವಲ್ಲ. ಮುಚ್ಚಿಟ್ಟ ಮಾತು ಬಯಲಾದ ದಿವಸ ಎರಡು ಮನೆಗಳು ಮುರಿಯುತ್ತವೆ. ಚಿಕಿತ್ಸೆ ಪಡೆದು ಗುಣಹೊಂದಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ ಮದುವೆಯಾದವರೋ ಸುಖವಾಗಿ ಬಾಳುವದುಂಟು.

ಚಿಕಿತ್ಸೆಯು ದೊಡ್ಡ ಪಟ್ಟಣದವರಿಗೆ ಮಾತ್ರವೆಂದು ಎದೆಗುಂದಬೇಕಾದದ್ದಿಲ್ಲ. ಬೆಂಗಳೂರಿನಲ್ಲಿ 1847ರಲ್ಲಿ ಹುಚ್ಚರ ಆಶ್ರಯವೆಂದು ಹುಟ್ಟಿದ ಮನೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆದು, 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ಭಾಗವಾಯಿತು. ಹೆಸರು ಬದಲಾದದ್ದು ಸಣ್ಣ ಸಂಗತಿಯಲ್ಲ. ಹುಚ್ಚನೆಂದು ಕರೆಯಲ್ಪಟ್ಟವನು ರೋಗಿಯೆಂದು ಕರೆಯಲ್ಪಟ್ಟನು. ಆ ಸಂಸ್ಥೆಯವರು 1985ರಲ್ಲಿ ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಡಲಾರಂಭಿಸಿ, ಕೆಲವೇ ಔಷಧಗಳಿಂದ ಹಳ್ಳಿಯಲ್ಲಿಯೇ ಈ ರೋಗಗಳನ್ನು ನೋಡಿಕೊಳ್ಳಬಹುದೆಂದು ತೋರಿಸಿದರು. 1996ರಿಂದ ದೇಶದಲ್ಲಿ ಹರಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರದಲ್ಲಿ ರೋಗಿಯ ಸಂಗಡ ಮನೆಯವರೊಬ್ಬರು ಉಳಿದುಕೊಂಡು ಆರೈಕೆಯನ್ನು ಕಲಿಯುವ ಪದ್ಧತಿಯುಂಟು. ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿದರೆ, ಮನೋವೈದ್ಯರು ಯಾವ ದಿನ ಎಲ್ಲಿ ಸಿಕ್ಕುತ್ತಾರೆಂದು ತಿಳಿಯುವದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರದ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿಯೂ ಕನ್ನಡದಲ್ಲಿ, ಖರ್ಚಿಲ್ಲದೆ ಮಾತಾಡಬಹುದು.

ಕಡೆಯದಾಗಿ, ಸಾಯಬೇಕೆನ್ನುವವರ ಸಂಗತಿ. ಆ ಯೋಚನೆಯುಂಟೋ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುವದೆಂದು ಅನೇಕರು ಹೆದರುತ್ತಾರೆ. ಇದು ನಿಜವಲ್ಲ. ಮೆಲ್ಲಗೆ, ನೇರವಾಗಿ ಕೇಳುವದರಿಂದ ಅವನ ಭಾರವು ಇಳಿಯುತ್ತದೆ. ಕೇಳಿರಿ, ಒಬ್ಬನನ್ನೇ ಬಿಡಬೇಡಿರಿ, ಹೊಲಕ್ಕೆ ಹೊಡೆಯುವ ವಿಷದ ಡಬ್ಬಿಯನ್ನು ಬೀಗದೊಳಗಿಡಿರಿ, ವೈದ್ಯರ ಬಳಿಗೆ ಕರೆದುಕೊಂಡು ಹೋಗಿರಿ. ಆತ್ಮಹತ್ಯೆಗೆ ಯತ್ನಿಸಿ ಉಳಿದವನು ಕಠಿಣವಾದ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನಿಗೆ ಆರೈಕೆ ದೊರೆಯಬೇಕು ಎಂದು 2017ರ ಕಾಯಿದೆಯೇ ಹೇಳುತ್ತದೆ. ದೇಶದ ಕಾನೂನು ಕರುಣೆ ತೋರಿಸಿರುವಲ್ಲಿ ಕರ್ತನ ಸಭೆಯು ಕಲ್ಲೆತ್ತಿಕೊಳ್ಳಬಹುದೋ? ಹಾಗೆ ಸತ್ತವನ ಮನೆಯವರನ್ನು ದೂರವಿಡುವದೂ, ಸಮಾಧಿಗೆ ಸ್ಥಳಕ್ಕಾಗಿ ಅವರನ್ನು ಅಲೆಸುವದೂ ನಮಗೆ ತಕ್ಕದ್ದಲ್ಲ.

2015-16ರಲ್ಲಿ ನಿಮ್ಹಾನ್ಸ್ ನಡಿಸಿದ ರಾಷ್ಟ್ರೀಯ ಸಮೀಕ್ಷೆಯು ಪ್ರಾಯಸ್ಥರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಒಂದಲ್ಲ ಒಂದು ಮನೋರೋಗವಿರುವದನ್ನು ಕಂಡಿತು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಮುಂದಿನ ಆದಿತ್ಯವಾರ ನಿಮ್ಮ ದೇವಾಲಯದಲ್ಲಿ ಕುಳಿತಾಗ ಈ ಲೆಕ್ಕವನ್ನು ನೆನಸಿರಿ. ಹತ್ತು ಮಂದಿಯ ಸಾಲಿನಲ್ಲಿ ಒಬ್ಬರಿಗೆ ಈ ಭಾರವಿರಬಹುದು. ಆ ಒಬ್ಬರು ಆ ದಿನ ಬಾರದೆ ಮನೆಯಲ್ಲಿಯೇ ಉಳಿದಿರಲೂಬಹುದು. ಆರಾಧನೆ ತೀರಿದ ಮೇಲೆ ಆ ಮನೆಯ ಕದವನ್ನು ತಟ್ಟಿರಿ. ರೊಟ್ಟಿಯನ್ನು ತೆಗೆದುಕೊಂಡು ಹೋಗಿರಿ. ಪ್ರಾರ್ಥನೆಯನ್ನೂ ಮಾಡಿರಿ, ಆದರೆ ಅದಕ್ಕೆ ಮೊದಲು ನಿದ್ದೆ ಬಂತೋ ಎಂದು ಕೇಳಿರಿ. ನಾವು ಕೇಳದೆ ಬಂದೆವು. ನೀವು ಕೇಳದೆ ಬರಬೇಡಿರಿ.