ನಂಬಿಗಸ್ತಿಕೆಯೂ ಯಥಾರ್ಥತ್ವವೂ

ಉಂಡ ಮನೆಗೆ ಎರಡು ಬಗೆಯಬಾರದೆಂಬ ಮಾತನ್ನು ನಾವು ಚಿಕ್ಕಂದಿನಿಂದಲೂ ಕೇಳುತ್ತಾ ಬಂದಿದ್ದೇವೆ. ಅದು ಒಳ್ಳೇ ಮಾತೇ. ಆದರೆ ಅನ್ನವಿಕ್ಕಿದ ಧಣಿಯೇ ಸುಳ್ಳು ಬರೆಯೆಂದು ಹೇಳಿದರೆ ಏನು ಮಾಡತಕ್ಕದ್ದು? ಕೆಂಗೇರಿಯಿಂದ ರಾಜಾಜಿನಗರದ ಕಾರ್ಖಾನೆಯೊಂದಕ್ಕೆ ಲೆಕ್ಕ ಬರೆಯಲು ಹೋಗುವ ಯೌವನಸ್ಥನೊಬ್ಬನನ್ನು ಭಾವಿಸಿರಿ. ಅವನ ತಂಗಿಯ ಮದುವೆಗೆ ಸಾಲ ಕೊಟ್ಟವನು ಆ ಯಜಮಾನನೇ. ಈಗ ತೆರಿಗೆಯ ಅಧಿಕಾರಿಗಳಿಗೆ ತೋರಿಸುವದಕ್ಕೆ ಒಂದು, ತನಗೆ ಒಂದು, ಹೀಗೆ ಎರಡು ಪುಸ್ತಕಗಳನ್ನು ಬರೆಯೆನ್ನುತ್ತಾನೆ. ಬರೆದರೆ ಸತ್ಯಕ್ಕೆ ದ್ರೋಹ, ಬರೆಯದಿದ್ದರೆ ಉಪಕಾರಿಗೆ ದ್ರೋಹವೆಂದು ಅವನ ಮನಸ್ಸು ಇಬ್ಭಾಗವಾಗುವದು.

ದಾವೀದನ ಸೇನಾಪತಿಯಾದ ಯೋವಾಬನ ಕೈಗೂ ಇಂಥದೇ ಒಂದು ಅಪ್ಪಣೆ ಬಂತು. ಊರೀಯನು ಯುದ್ಧದಲ್ಲಿ ಸಾಯುವಂತೆ ಮಾಡಬೇಕೆಂಬ ಅರಸನ ಪತ್ರವದು. ಅದನ್ನು ಹೊತ್ತು ತಂದವನು ಊರೀಯನೇ. ಯೋವಾಬನು ಒಂದು ಮಾತನ್ನೂ ಕೇಳದೆ ಹಾಗೆಯೇ ಮಾಡಿದನು. ಅನಂತರ ನಾತಾನನು ಬಂದು ಬಡವನ ಕುರಿಮರಿಯ ಸಾಮ್ಯವನ್ನು ಹೇಳಿ, ಅರಸನ ಪಾಪವನ್ನು ಅವನ ಎದುರಿಗೇ ತೋರಿಸಿದನು. ಒಬ್ಬನು ವಿಧೇಯನಾಗಿ ಅರಸನನ್ನು ಕೊಲೆಪಾತಕದಲ್ಲಿ ಮುಳುಗಿಸಿದನು. ಇನ್ನೊಬ್ಬನು ಎದುರಿಸಿ ಅವನನ್ನು ಮೇಲಕ್ಕೆತ್ತಿದನು. ಇವರಿಬ್ಬರಲ್ಲಿ ದಾವೀದನಿಗೆ ನಂಬಿಗಸ್ತನು ಯಾರು?

ಯೋನಾತಾನನ ಸಂಕಟವು ಇನ್ನೂ ಕಠಿಣವಾದದ್ದು. ಒಂದು ಕಡೆ ತಂದೆಯಾದ ಸೌಲನು, ಇನ್ನೊಂದು ಕಡೆ ಪ್ರಾಣಸ್ನೇಹಿತನಾದ ದಾವೀದನು. ತಂದೆಯು ದಾವೀದನನ್ನು ಕೊಲ್ಲಬೇಕೆಂದಾಗ ಅವನು ಹಿಂದಿನಿಂದ ಗೊಣಗಲಿಲ್ಲ. ಎದುರಿಗೆ ನಿಂತು, ನಿರಪರಾಧಿಯ ರಕ್ತವನ್ನು ಸುರಿಸಿ ನೀನೇ ಕೆಡಬೇಡವೆಂಬ ಭಾವದಿಂದ ಬೇಡಿಕೊಂಡನು. ಸೌಲನು ಆಗ ಒಪ್ಪಿ ಆಣೆಯಿಟ್ಟನು, ಬಳಿಕ ಆಣೆಯನ್ನು ಮುರಿದನು.

ವಾಚಕರು ಇಲ್ಲಿ ಒಂದು ಆಕ್ಷೇಪಣೆಯನ್ನು ತರಬಹುದು. ದಾವೀದನು ಬೇತ್ಲೆಹೇಮಿಗೆ ಯಜ್ಞಕ್ಕೆ ಹೋದನೆಂದು ಯೋನಾತಾನನು ತಂದೆಗೆ ಹೇಳಿದ್ದು ಸುಳ್ಳಲ್ಲವೋ? ಹೌದು, ಶಾಸ್ತ್ರವು ಅದನ್ನು ಮರೆಮಾಡುವದಿಲ್ಲ. ಆದರೆ ಆ ಮಾತು ಸೌಲನ ಸಿಟ್ಟನ್ನು ತಣಿಸಲಿಲ್ಲ. ಅವನು ಮಗನ ಮೇಲೆಯೇ ಈಟಿಯನ್ನು ಎಸೆದನು. ಈಟಿಯ ಗುರಿಯಾದ ಆ ಮಗನು ತಂದೆಯನ್ನು ಬಿಟ್ಟು ಹೋಗಲೂ ಇಲ್ಲ. ಸ್ನೇಹಿತನನ್ನು ಉಳಿಸಿದರೆ ತನಗೆ ಸಿಂಹಾಸನವಿಲ್ಲವೆಂದು ತಿಳಿದೇ ಉಳಿಸಿದನು. ಕಡೆಗೆ ಗಿಲ್ಬೋವದ ಬೆಟ್ಟದಲ್ಲಿ ತಂದೆ ಸತ್ತ ದಿನವೇ ತಾನೂ ಸತ್ತನು. ತಂದೆಯ ಪಾಪದಲ್ಲಿ ಪಾಲು ತೆಗೆದುಕೊಳ್ಳಲಿಲ್ಲ, ತಂದೆಯ ಕಷ್ಟದಲ್ಲಿ ಪಾಲು ತೆಗೆದುಕೊಂಡನು.

ನಮ್ಮ ಕನ್ನಡ ನಾಡಿನಲ್ಲಿಯೂ ಇದಕ್ಕೆ ದೃಷ್ಟಾಂತವುಂಟು. ಬಸವೇಶ್ವರನಗರಕ್ಕೆ ಯಾರ ಹೆಸರನ್ನಿಟ್ಟಿದ್ದಾರೋ ಆ ಬಸವಣ್ಣನವರು 12ನೆಯ ಶತಮಾನದಲ್ಲಿ ಕಲ್ಯಾಣದ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಅವರು ಭಂಡಾರದ ಹಣವನ್ನು ಜಂಗಮರಿಗೆ ಹಂಚುತ್ತಾರೆಂದು ವೈರಿಗಳು ದೂರಿಟ್ಟರೆಂದೂ, ಎಣಿಸಿ ನೋಡಿದಾಗ ಒಂದು ಹಣವೂ ಕಡಮೆಯಿರಲಿಲ್ಲವೆಂದೂ ಪುರಾಣದ ಕಥೆಯುಂಟು. ದಾನಿಯೇಲನ ವೈರಿಗಳು ಸಹ ಅವನ ರಾಜಕಾರ್ಯದಲ್ಲಿ ತಪ್ಪು ಹುಡುಕಿ ಸೋತರಲ್ಲವೇ? ಹರಳಯ್ಯ ಮಧುವರಸರ ಮಕ್ಕಳ ಮದುವೆಯ ವಿಷಯದಲ್ಲಿ ಅರಸನು ಕೋಪಿಸಿಕೊಂಡಾಗ ಬಸವಣ್ಣನವರು ಅಧಿಕಾರವನ್ನು ಬಿಟ್ಟು ಕೂಡಲಸಂಗಮಕ್ಕೆ ಹೋದರೆಂದು ಹೇಳುತ್ತಾರೆ. ಯೋನಾತಾನನು ಉಳಿದನು, ಇವರು ಹೊರಟರು. ಉಳಿಯುವದೋ ಹೊರಡುವದೋ ಎಂಬದು ಆಯಾ ಸಂದರ್ಭಕ್ಕೆ ಸೇರಿದ್ದು. ಅನ್ಯಾಯಕ್ಕೆ ಕೈಜೋಡಿಸದಿರುವದು ಎಲ್ಲಾ ಸಂದರ್ಭಕ್ಕೂ ಸೇರಿದ್ದು.

ಆದದರಿಂದ ಆ ಯೌವನಸ್ಥನು ಯಜಮಾನನನ್ನು ಬೀದಿಯಲ್ಲಿ ದೂರದೆ, ಅವನ ಬಳಿಯಲ್ಲೇ ಏಕಾಂತವಾಗಿ ಮಾತಾಡಲಿ: ಅಯ್ಯಾ, ನಿಮ್ಮ ಉಪಕಾರವನ್ನು ಮರೆಯೆನು, ಸಾಲವನ್ನು ತಿಂಗಳು ತಿಂಗಳಿಗೆ ತೀರಿಸುವೆನು, ಈ ಎರಡನೆಯ ಪುಸ್ತಕವನ್ನು ಮಾತ್ರ ಬರೆಯಲಾರೆನು. ಯಜಮಾನನು ಕೇಳದೆ ಅವನನ್ನು ಕೆಲಸದಿಂದ ತೆಗೆಯಬಹುದು. ಅದಾಗದೆಂದು ನಾವು ಹೇಳಲಾರೆವು. ಆದರೆ ಅಂಥ ದಿವಸದಲ್ಲಿ ಸಭೆಯವರಿಗೂ ಒಂದು ಪರೀಕ್ಷೆಯುಂಟು. ಆದಿತ್ಯವಾರ ಯೋನಾತಾನನನ್ನು ಹೊಗಳಿ, ಸೋಮವಾರ ಆ ಮನೆಯ ಒಲೆ ಹೊತ್ತಿತೋ ಇಲ್ಲವೋ ಎಂದು ವಿಚಾರಿಸದಿದ್ದರೆ ನಮ್ಮ ನಂಬಿಗಸ್ತಿಕೆ ಬಾಯಿಮಾತಾಗುವದು. ಸತ್ಯಕ್ಕಾಗಿ ಕೂಲಿಯನ್ನು ಕಳೆದುಕೊಂಡವನು ಒಂಟಿಯಾಗದಂತೆ ನೋಡಿಕೊಳ್ಳೋಣ.