ಬೆಂಕಿಯ ಕಡೆಗೆ ನಡೆದ ತಂದೆ



ವಿವಾಹ ಸಿದ್ಧತೆಯ ತರಗತಿ ಮುಗಿದ ಮೇಲೆ "ಏನಾದರೂ ಪ್ರಶ್ನೆಗಳಿವೆಯೇ?" ಎಂದು ಕೇಳುವುದು ನಮ್ಮ ವಾಡಿಕೆ. ಸಾಮಾನ್ಯವಾಗಿ ಯಾರೂ ಬಾಯಿ ಬಿಡುವುದಿಲ್ಲ. ಎಲ್ಲರಿಗೂ ಬಸ್ಸಿನ ಚಿಂತೆ. ಕಳೆದ ಬಾರಿ ಮಾತ್ರ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳನ್ನು ಮದುವೆಯಾಗಲಿರುವ ಹುಡುಗ ಅಗ್ನಿಶಾಮಕ ದಳದಲ್ಲಿದ್ದಾನೆ. "ಫಾದರ್, ಇವರು ದೇವಾಲಯದಲ್ಲಿ ಎಲ್ಲರ ಮುಂದೆ ನನಗೆ ಮಾತು ಕೊಡುತ್ತಾರೆ. ಆಮೇಲೆ ಗಂಟೆ ಹೊಡೆದ ಕೂಡಲೇ ಉರಿಯುವ ಮನೆಯೊಳಗೆ ನುಗ್ಗುತ್ತಾರೆ. ಹಾಗಾದರೆ ಇವರ ಪ್ರಾಣ ನನಗೆ ಕೊಟ್ಟದ್ದೋ, ಊರಿಗೆ ಕೊಟ್ಟದ್ದೋ?" ಹುಡುಗ ತಲೆ ತಗ್ಗಿಸಿದ. ನಾನು ಏನೋ ಒಂದು ಹೇಳಿ ಜಾರಿಕೊಂಡೆ. ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಆ ಸಾಲವನ್ನು ಈ ವಾರ ತೀರಿಸಲು ನೋಡುತ್ತೇನೆ.

ಅದಕ್ಕಾಗಿ ನಿಮಗೆ ದೂರದ ನ್ಯೂಯಾರ್ಕಿನ ಒಬ್ಬ ತಂದೆಯ ಕಥೆಯನ್ನು ಹೇಳಬೇಕು. ಹೆಸರು ಪೀಟರ್ ಗ್ಯಾನ್ಸಿ. ಹುಟ್ಟಿದ್ದು 1946ರಲ್ಲಿ. ಯೌವನದಲ್ಲಿ ಅಮೆರಿಕದ ಸೈನ್ಯದಲ್ಲಿ ಪ್ಯಾರಾಶೂಟ್ ದಳದ ಸೈನಿಕ. 1968ರಲ್ಲಿ ನ್ಯೂಯಾರ್ಕ್ ನಗರದ ಅಗ್ನಿಶಾಮಕ ಇಲಾಖೆಗೆ ಸಾಮಾನ್ಯ ಸಿಬ್ಬಂದಿಯಾಗಿ ಸೇರಿದರು. ಅಂದಿನಿಂದ 33 ವರ್ಷ ಅದೇ ಇಲಾಖೆ. ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ 1999ರಲ್ಲಿ ಇಲಾಖೆಯ ಮುಖ್ಯಸ್ಥರಾದರು. ಸಮವಸ್ತ್ರ ಧರಿಸುವವರಲ್ಲಿ ಅದಕ್ಕಿಂತ ದೊಡ್ಡ ಹುದ್ದೆ ಅಲ್ಲಿಲ್ಲ; ಕೈಕೆಳಗೆ ಹತ್ತು ಸಾವಿರಕ್ಕೂ ಮಿಕ್ಕಿದ ಜನ. ಮನೆಯಲ್ಲಿ ಪತ್ನಿ ಮತ್ತು ಮೂವರು ಮಕ್ಕಳು. ಮಗನೊಬ್ಬ ತಂದೆಯ ಇಲಾಖೆಯನ್ನೇ ಸೇರಿದ್ದ.

ಈ ಕೊನೆಯ ಮಾತನ್ನು ಸ್ವಲ್ಪ ಯೋಚಿಸಿ. ತಂದೆಯ ಕೆಲಸವನ್ನು ಮಕ್ಕಳು ಎರಡು ಕಾರಣಕ್ಕೆ ಹಿಡಿಯುತ್ತಾರೆ: ಬೇರೆ ದಾರಿಯಿಲ್ಲದೆ, ಇಲ್ಲವೇ ತಂದೆಯನ್ನು ಕಂಡು. ರಾತ್ರಿ ಪಾಳಿ, ಹೊಗೆ ಹಿಡಿದ ಬಟ್ಟೆ, ಕ್ರಿಸ್ಮಸ್ ದಿನವೂ ರಜೆಯಿಲ್ಲದ ನೌಕರಿ ಇದು. ತಂದೆ ಮನೆಗೆ ಹೊರಗಿನವನಾಗಿದ್ದರೆ ಮಗ ಆ ನೌಕರಿಯಿಂದ ದೂರ ಓಡುತ್ತಿದ್ದ.

2001ರ ಸೆಪ್ಟೆಂಬರ್ 11, ಮಂಗಳವಾರ. ಬೆಳಿಗ್ಗೆ 8.46ಕ್ಕೆ ವಿಶ್ವ ವಾಣಿಜ್ಯ ಕೇಂದ್ರದ ಉತ್ತರ ಗೋಪುರಕ್ಕೆ ಅಪಹೃತ ವಿಮಾನ ಬಂದು ಬಡಿಯಿತು. ಗ್ಯಾನ್ಸಿಯವರ ಕಚೇರಿ ನದಿಯಾಚೆಯ ಬ್ರೂಕ್ಲಿನ್‌ನಲ್ಲಿತ್ತು. ತಕ್ಷಣ ಹೊರಟು ಬಂದು, ಗೋಪುರಗಳ ಎದುರಿನ ರಸ್ತೆಯಲ್ಲಿ ನಿಂತು ಕಾರ್ಯಾಚರಣೆಯನ್ನು ನಡೆಸತೊಡಗಿದರು. 9.03ಕ್ಕೆ ದಕ್ಷಿಣ ಗೋಪುರಕ್ಕೆ ಎರಡನೆಯ ವಿಮಾನ. 9.59ಕ್ಕೆ ಆ ಗೋಪುರ ಕುಸಿಯಿತು. ಗ್ಯಾನ್ಸಿ ಮತ್ತು ಜೊತೆಯವರು ಹತ್ತಿರದ ಕಟ್ಟಡದ ವಾಹನ ನಿಲ್ದಾಣದೊಳಗೆ ನುಗ್ಗಿ ಜೀವ ಉಳಿಸಿಕೊಂಡರು. ಬೂದಿಯಲ್ಲಿ ಮುಳುಗಿ ಹೊರಬಂದಾಗ ಏನು ನಡೆದಿದೆ ಎಂಬುದೇ ಸ್ಪಷ್ಟವಿರಲಿಲ್ಲ.

ಪ್ರಿಯರೇ, ಅವರ ಬದುಕಿನ ಕೊನೆಯ ಅರ್ಧ ಗಂಟೆ ಇದು. ಇಲ್ಲಿ ಅವರು ಎರಡು ಕೆಲಸ ಮಾಡಿದರು. ಮೊದಲನೆಯದು: ಉಳಿದ ಗೋಪುರದಿಂದ ಎಲ್ಲರೂ ಹೊರಬರಬೇಕೆಂದೂ ಕಾರ್ಯಾಚರಣೆಯ ಕೇಂದ್ರವನ್ನು ಉತ್ತರಕ್ಕೆ, ಅಪಾಯದಿಂದ ದೂರಕ್ಕೆ, ಸಾಗಿಸಬೇಕೆಂದೂ ಆಜ್ಞೆಯಿತ್ತರು. ಆ ಆಜ್ಞೆ ಎಲ್ಲರ ಕಿವಿಗೂ ಬೀಳಲಿಲ್ಲ. ರೇಡಿಯೋಗಳು ಸರಿಯಾಗಿ ಕೆಲಸ ಮಾಡದ್ದು ಮುಂದೆ ವಿಚಾರಣೆಯ ವಿಷಯವಾಯಿತು. ಎರಡನೆಯದು: ತಮ್ಮವರನ್ನು ಉತ್ತರಕ್ಕೆ ಕಳುಹಿಸಿ, ತಾವು ದಕ್ಷಿಣಕ್ಕೆ ತಿರುಗಿದರು. ಅಲ್ಲಿ ಕುಸಿದ ಗೋಪುರದಡಿ ಅವರ ಜನರು ಸಿಲುಕಿದ್ದರು. 10.28ಕ್ಕೆ ಉತ್ತರ ಗೋಪುರವೂ ಬಿತ್ತು. 54 ವರ್ಷದ ಗ್ಯಾನ್ಸಿ ಸತ್ತರು. ಇಲಾಖೆಯ ಪ್ರಥಮ ಉಪ ಆಯುಕ್ತ, 71 ವರ್ಷದ ವಿಲಿಯಂ ಫೀಹನ್ ಕೂಡ ಅಲ್ಲಿಯೇ ಸತ್ತರು. ಆ ದಿನ ಮಡಿದ ಇಲಾಖೆಯವರು 343 ಮಂದಿ.

"ಇದೇನು ಹುಚ್ಚು ಸಾಹಸ? ಮುಖ್ಯಸ್ಥನಾದವನು ದೂರ ನಿಂತು ಆಜ್ಞೆ ಕೊಟ್ಟರೆ ಸಾಲದೇ?" ಎಂದು ನೀವು ಕೇಳಬಹುದು. ಗುರುಮಠದಲ್ಲಿ ನಮಗೆ ಸಂತ ತೋಮಸ್ ಅಕ್ವೀನಾಸರನ್ನು ಓದಿಸುವಾಗ ಧೈರ್ಯದ ಪಾಠ ಬರುತ್ತಿತ್ತು. ಧೈರ್ಯವೆಂಬ ಸದ್ಗುಣಕ್ಕೆ ಎರಡು ಕೆಲಸಗಳಿವೆ ಎನ್ನುತ್ತಾರೆ ಅವರು. ಭಯವನ್ನು ತಡೆಯುವುದು ಒಂದು, ದುಡುಕನ್ನು ಹತೋಟಿಯಲ್ಲಿಡುವುದು ಇನ್ನೊಂದು. ಯುದ್ಧಭೂಮಿಯಲ್ಲಿ ಮಾತ್ರ ಧೈರ್ಯ ಎಂದೂ ಅವರು ಹೇಳುವುದಿಲ್ಲ. ಸೋಂಕು ತಗಲಿ ಸಾಯಬಹುದೆಂದು ಗೊತ್ತಿದ್ದೂ ಕಾಯಿಲೆಯ ಗೆಳೆಯನ ಆರೈಕೆ ಮಾಡುವವನನ್ನೂ ಅದೇ ಸಾಲಿಗೆ ಸೇರಿಸುತ್ತಾರೆ. ಆಗ ನಾನು ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದೆ. ಗ್ಯಾನ್ಸಿಯವರ ಕೊನೆಯ ಅರ್ಧ ಗಂಟೆಯಲ್ಲಿ ಅದು ನನಗೆ ಅರ್ಥವಾಯಿತು. ಸಾಹಸಪ್ರಿಯನಾದವನು "ಎಲ್ಲರೂ ನನ್ನ ಹಿಂದೆ ಬನ್ನಿ" ಎಂದು ಕೂಗುತ್ತಾನೆ. ಇವರು ಎಷ್ಟು ಮಂದಿಯನ್ನು ದೂರ ಕಳುಹಿಸಲು ಸಾಧ್ಯವೋ ಅಷ್ಟು ಮಂದಿಯನ್ನು ಕಳುಹಿಸಿ ಆಮೇಲೆ ಹೆಜ್ಜೆ ಹಾಕಿದರು.

ಸಂತ ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಪ್ರಭು ಯೇಸು ಒಳ್ಳೆಯ ಕುರಿಗಾಹಿಯನ್ನೂ ಕೂಲಿಯಾಳನ್ನೂ ಎದುರೆದುರು ನಿಲ್ಲಿಸುತ್ತಾರೆ. ತೋಳ ಬಂದಾಗ ಕೂಲಿಯಾಳು ಓಡುತ್ತಾನೆ. ಅವನು ಕೆಟ್ಟವನೆಂದು ಅಲ್ಲ, ಕುರಿಗಳು ಅವನವಲ್ಲ. ಕುರಿಗಾಹಿಗೆ ಒಂದೊಂದರ ಹೆಸರೂ ಗೊತ್ತು. 33 ವರ್ಷ ಒಂದೇ ಇಲಾಖೆಯಲ್ಲಿ ಕೆಳಗಿನಿಂದ ಮೇಲೆ ಬಂದವನಿಗೆ, ಆ ಧೂಳಿನಡಿ ಸಿಲುಕಿದವರು ಪಟ್ಟಿಯಲ್ಲಿನ ಸಂಖ್ಯೆಗಳಾಗಿರಲಿಲ್ಲ.

ಆದರೆ ಹುಡುಗಿಯ ಪ್ರಶ್ನೆ ಇನ್ನೂ ನಿಂತೇ ಇದೆ. ಮನೆಯವರ ಪಾಡೇನು? ಇದೇ ಸಂತ ತೋಮಸರು ಪ್ರೀತಿಗೂ ಒಂದು ಕ್ರಮವಿದೆ, ಹತ್ತಿರದವರಿಗೆ ನಮ್ಮ ಋಣ ಹೆಚ್ಚು ಎಂದೂ ಹೇಳಿದ್ದಾರೆ. ಇಲ್ಲಿ ನಾನು ಕಟುವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಊರ ಸೇವೆಯ ಹೆಸರಿನಲ್ಲಿ ಮನೆಯಿಂದ ತಲೆ ತಪ್ಪಿಸಿಕೊಳ್ಳುವ ಗಂಡಸರು ನಮ್ಮಲ್ಲಿ ಕಡಿಮೆಯಿಲ್ಲ. ಹಬ್ಬದ ಕಮಿಟಿ, ಸಂಘದ ಸಭೆ, ಗೆಳೆಯನ ಚುನಾವಣೆ. ಮಗಳು ಯಾವ ತರಗತಿಯಲ್ಲಿದ್ದಾಳೆ ಎಂದು ಕೇಳಿದರೆ ಹೆಂಡತಿಯ ಮುಖ ನೋಡುತ್ತಾರೆ. ಇದು ತ್ಯಾಗವಲ್ಲ. (ಗುರುಗಳಾದ ನಾವೂ ನಮ್ಮ ಓಡಾಟವನ್ನೇ ಸೇವೆಯೆಂದು ಲೆಕ್ಕ ಹಾಕುವುದುಂಟು, ಈ ಬೆರಳು ನನ್ನ ಕಡೆಗೂ ತಿರುಗಿದೆ.) ಮನೆಯಲ್ಲಿ ಪ್ರೀತಿಸಲು ಕಲಿಯದವನು ಹೊರಗೆ ಯಾರಿಗಾಗಿ ಸಾಯಲು ಹೊರಟರೂ ಅಲ್ಲಿ ತನ್ನ ಹೆಸರನ್ನೇ ಹುಡುಕುತ್ತಿರುತ್ತಾನೆ.

ಗ್ಯಾನ್ಸಿಯವರ ವಿಷಯದಲ್ಲಿ ನನಗಿರುವ ಸಾಕ್ಷಿ ಅವರ ಮಕ್ಕಳು. ಇಲಾಖೆ ಸೇರಿದ ಮಗನ ಮಾತು ಹೇಳಿದೆ. ಇನ್ನೊಬ್ಬ ಮಗ ತಂದೆಯ ಜೀವನಕಥೆಯನ್ನೇ ಪುಸ್ತಕವಾಗಿ ಬರೆದ. ತಮ್ಮನ್ನು ಬಿಟ್ಟು ಹೋದ ತಂದೆಯ ಬಗ್ಗೆ ಮಕ್ಕಳು ಹಾಗೆ ನಡೆದುಕೊಳ್ಳುವುದಿಲ್ಲ. ಮನೆಗೆ ಅನ್ನ ತಂದ ಕೈ ಮತ್ತು ಬೂದಿಯೊಳಗೆ ಚಾಚಿದ ಕೈ ಒಂದೇ ಎಂದು ಅವರಿಗೆ ಗೊತ್ತಿತ್ತು. ಶಿಲುಬೆಯ ದೃಶ್ಯವನ್ನು ನೆನಪಿಸಿಕೊಳ್ಳಿ. ಲೋಕಕ್ಕೆಲ್ಲ ಪ್ರಾಣ ಕೊಡುತ್ತಿದ್ದ ಆ ಘಳಿಗೆಯಲ್ಲಿಯೂ ಪ್ರಭು ಮನೆಯ ಹೊಣೆಯನ್ನು ಮರೆಯಲಿಲ್ಲ. ತಾಯಿ ಮರಿಯಳನ್ನು ಶಿಷ್ಯನ ಕೈಗೆ ಒಪ್ಪಿಸಿದರು. ಶಿಷ್ಯ ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಎಂದರೆ, ಹೀಗೆ ಹೋಗುವವನ ಮನೆಯನ್ನು ಯಾರಾದರೂ ತಮ್ಮ ಮನೆಯಾಗಿ ಮಾಡಿಕೊಳ್ಳಬೇಕು. ಅಗ್ನಿಶಾಮಕದವನನ್ನು ಕೈಕೊಟ್ಟ ಹುಡುಗಿ ಊರಿಗೂ ಏನನ್ನೋ ಕೊಟ್ಟಿದ್ದಾಳೆ. ಊರು ಅವಳಿಗೆ ಋಣಿ, ಧರ್ಮಕೇಂದ್ರವೂ ಋಣಿ. ಅಂದು ಉತ್ತರಿಸಬೇಕಾಗಿದ್ದುದು ಇಷ್ಟನ್ನು. ಅವನ ಪ್ರಾಣದಲ್ಲಿ ಅವಳದೊಂದು ಪಾಲು, ಊರದೊಂದು ಪಾಲು ಎಂದು ಭಾಗ ಮಾಡಲಾಗದು. ಅವಳನ್ನು ಪ್ರೀತಿಸುವ ಹೃದಯವೇ ಗಂಟೆ ಹೊಡೆದಾಗ ಎದ್ದು ಓಡುವುದು.

ನೋವು ಇದರಿಂದ ಕಡಿಮೆಯಾಗುತ್ತದೆಯೇ? ಇಲ್ಲ. ಆ ಇಲಾಖೆಯಲ್ಲಿ ಸಾವು ಆ ದಿನಕ್ಕೇ ನಿಲ್ಲಲಿಲ್ಲ. ಅಲ್ಲಿಯ ವಿಷಧೂಳನ್ನು ಉಸಿರಾಡಿ ಮುಂದೆ ಕಾಯಿಲೆಯಿಂದ ತೀರಿಕೊಂಡವರ ಸಂಖ್ಯೆ 2023ರ ಸೆಪ್ಟೆಂಬರ್ ಹೊತ್ತಿಗೆ ಮತ್ತೊಂದು 343ನ್ನು ಮುಟ್ಟಿತು.

2001ರ ಸೆಪ್ಟೆಂಬರ್ 15ರ ಶನಿವಾರ ಆ ಇಲಾಖೆಯ ಮೂರು ಅಂತ್ಯಕ್ರಿಯೆಗಳು ನಡೆದವು. ಒಂದು ಫೀಹನ್‌ರದು. ಒಂದು ಇಲಾಖೆಯ ಆಧ್ಯಾತ್ಮಿಕ ಗುರು, ಫ್ರಾನ್ಸಿಸ್ಕನ್ ಸಭೆಯ ಮೈಕಲ್ ಜಡ್ಜ್‌ರದು. ಗೋಪುರದ ಕೆಳ ಅಂತಸ್ತಿನಲ್ಲಿ ಪ್ರಾರ್ಥಿಸುತ್ತಿದ್ದಾಗ ಸತ್ತ ಅವರ ಹೆಸರು ಅಂದಿನ ಮೃತರ ದಾಖಲೆಯಲ್ಲಿ ಮೊದಲನೆಯದು. ಇನ್ನೊಂದು ಫಾರ್ಮಿಂಗ್‌ಡೇಲ್‌ನ ಸಂತ ಕಿಲಿಯನ್‌ರ ದೇವಾಲಯದಲ್ಲಿ, ಪೀಟರ್ ಗ್ಯಾನ್ಸಿಯವರದು. ಹೂಳಲು ದೇಹವೂ ಸಿಗದೆ ಕಾಯುತ್ತಿದ್ದ ಮನೆಗಳು ಆ ವಾರ ನೂರಾರು ಇದ್ದವು.

ನಮ್ಮ ಹುಡುಗಿ ಮತ್ತು ಹುಡುಗನ ವಿವಾಹದ ಪ್ರಕಟಣೆಯನ್ನು ಕಳೆದ ಭಾನುವಾರದ ಬಲಿಪೂಜೆಯಲ್ಲಿ ಓದಿದ್ದೇನೆ. ಇನ್ನೂ ಎರಡು ಬಾರಿ ಓದಬೇಕು. ಮದುವೆಗೆ ಎರಡು ದಿನದ ರಜೆ ಸಿಕ್ಕಿದೆಯಂತೆ. ಆ ಎರಡು ದಿನ ಎಲ್ಲಿಯೂ ಬೆಂಕಿ ಬೀಳದಿರಲಿ ಎಂದು ನಿಮ್ಮ ಮನೆಯ ಸಂಜೆಯ ಜಪಸರದಲ್ಲಿ ಒಂದು ಪ್ರಾರ್ಥನೆ ಸೇರಿಸಿ.