ರುಚಿಯ ಅರ್ಪಣೆ

ಜಿಹ್ವೆಗೆ ಹಿತವಾದುದು ಆತ್ಮಕ್ಕೆ ಅಹಿತವೆಂಬ ಭಾವನೆ ನಮ್ಮ ವೈರಾಗ್ಯಚಿಂತನೆಯಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ 1367ರ ಜಾಮಿಯಾ ಮಸೀದಿಯನ್ನು ಒಡಲಲ್ಲಿರಿಸಿಕೊಂಡ ಕಲಬುರಗಿ ಕೋಟೆಯ ಸುತ್ತಣ ಮನೆಗಳಲ್ಲಿ, ಹಂಚಿನಿಂದ ಆಗತಾನೆ ಇಳಿದ ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿಯನ್ನುದುರಿಸಿ, ಕುಸುಬಿ ಎಣ್ಣೆಯ ನಾಲ್ಕು ಹನಿ ಬಿಟ್ಟು, ಉಳ್ಳಾಗಡ್ಡಿಯ ಚೂರುಗಳೊಡನೆ ಮಡಿಚಿ ಮಗುವಿನ ಕೈಗೀಯುವ ತಾಯಿಯನ್ನು ಕಂಡವನಿಗೆ ಆ ಮತವನ್ನೊಪ್ಪುವುದು ಸುಲಭವಲ್ಲ. ಬೇಕರಿಯ ಸ್ಯಾಂಡ್‌ವಿಚ್ಚು ಈ ರೊಟ್ಟಿಯ ದೂರದ ದಾಯಾದಿ. ಗೋಧಿಯ ಜಿಗುಟು ಜೋಳಕ್ಕಿಲ್ಲವಾದುದರಿಂದ ಬಿಸಿಯಾರುವ ಮುನ್ನವೇ ಇದನ್ನು ಮಡಿಚಬೇಕು, ತಡಮಾಡಿದರೆ ಮುರಿಯುತ್ತದೆ.

ಪದಾರ್ಥದ ರೂಪವನ್ನು ಇಷ್ಟಲಿಂಗಕ್ಕೂ, ರುಚಿಯನ್ನು ಪ್ರಾಣಲಿಂಗಕ್ಕೂ, ತೃಪ್ತಿಯನ್ನು ಭಾವಲಿಂಗಕ್ಕೂ ಸಮರ್ಪಿಸಬೇಕೆಂದು ವೀರಶೈವ ಶಾಸ್ತ್ರವು ವಿಧಿಸುತ್ತದೆ. ರುಚಿಯನ್ನು ನಿಗ್ರಹಿಸೆನ್ನದೆ ಅರ್ಪಿಸೆನ್ನುವ ಈ ಧೈರ್ಯ ಸಾಮಾನ್ಯವಾದುದಲ್ಲ. ಅರ್ಪಿಸಬೇಕಾದರೆ ಮೊದಲು ಅದನ್ನು ಎಚ್ಚರದಿಂದ ಅರಿಯಬೇಕಷ್ಟೆ. ಇದು ಭೋಗಲೋಲುಪನಿಗೆ ದೊರೆತ ನೆವವಲ್ಲವೇ ಎಂಬ ಆಕ್ಷೇಪವೂ ಗಟ್ಟಿಯಾದುದೇ. ಅದಕ್ಕೆ ತರ್ಕದಿಂದ ಉತ್ತರ ಹುಡುಕುವುದಕ್ಕಿಂತ, ಅರಳಗುಂಡಗಿಯ ಒಕ್ಕಲುಮನೆಯಲ್ಲಿ ಹುಟ್ಟಿ, ಕಲಬುರಗಿಗೆ ಬಂದು, 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ದಾಸೋಹವನ್ನು ನೆನೆಯುವುದು ಲೇಸು: ಅಲ್ಲಿ ಉಣಿಸುವವನೇ ಋಣಿ, ಉಣ್ಣುವವನು ಜಂಗಮಸ್ವರೂಪಿ. ಬಂದವನ ನಾಲಗೆಗೆ ಹಿತವಾಯಿತೇ ಎಂದು ವಿಚಾರಿಸುವುದು ಆಗ ಉಪಚಾರವೆನಿಸದೆ ಪೂಜೆಯ ಅಂಗವೇ ಆಗುತ್ತದೆ. ಹಾಗೆ ಪರರ ರುಚಿಯನ್ನು ಗಮನಿಸುತ್ತ ಕುಳಿತವನ ಲೋಲುಪತೆಗೆ ಅವಕಾಶವಾದರೂ ಎಲ್ಲಿ?

ಒಣಗಿದ ಖಡಕ್ ರೊಟ್ಟಿಗೂ ಈ ನ್ಯಾಯ ಸಲ್ಲುವುದೇ ಎಂದು ಯಾರಾದರೂ ಕೇಳಿಯಾರು. ಪಕ್ಕದಲ್ಲಿ ಪುಂಡಿ ಪಲ್ಯವಿದ್ದರೆ ಧಾರಾಳವಾಗಿ ಸಲ್ಲುವುದೆಂದೇ ನನ್ನ ಮತ.